ದಾವಲಜ್ಜನ ಕಾರಿನ ದನಿ ಹೋಯ್ತು

ಬರ್ರಿ ಮಕ್ಕಳಾ, ಮೊಣಕಾಲಿಗೆ ಮೊಣಕಾಲು ಹಚ್ಚಿ ಕೂಡ್ರಿ. ಹೂಂ ಅಂತಿರಬೇಕು. ನಿಮ್ಮ ಹೂಂ ನಿಂತರೆ ನನ್ನ ಕಥೆಯೂ ನಿಂತಿತು.

ಒಂದು ಊರು. ಊರಲ್ಲಿ ಒಂದು ಓಣಿ. ಓಣಿಯಲ್ಲಿ ಒಂದು ಕಾರು. ಬಿಳಿ ಕಾರು.

ಅದೇನು ರಾಜರ ಕಾರಲ್ಲ. ಸಾದಾ ಕಾರು. ಆಗ ಊರಲ್ಲಿ ಅಂಥವು ಇಪ್ಪತ್ತಿದ್ದವು. ಕೆಲವರು ಮಾರಿದರು. ಕೆಲವರು ಮುರಿದರು. ಕೆಲವರು ಗುಜರಿಗೆ ಹಾಕಿದರು. ದಾವಲಜ್ಜ ಮಾತ್ರ ಇಟ್ಟುಕೊಂಡ. ಬಾಡಿಗೆ ಹೊಡೆದ. ತೊಳೆದ. ಒರೆಸಿದ. ಮತ್ತೆ ಬಾಡಿಗೆ ಹೊಡೆದ. ಮತ್ತೆ ತೊಳೆದ. ಮತ್ತೆ ಒರೆಸಿದ. ನಲವತ್ತು ವರ್ಷ! ಈಗ ಊರಿಗೆಲ್ಲ ಅಂಥದ್ದು ಅದೊಂದೇ.

ಕಡೆಕಡೆಗೆ ಅಜ್ಜನಿಗೆ ಕಣ್ಣು ಕಾಣದಾಯಿತು. ಕಾಲು ಏಳದಾಯಿತು. ಹಾಸಿಗೆ ಹಿಡಿದ. ಕಿವಿ ಮಾತ್ರ ಚುರುಕಾಗಿತ್ತು.

ದಿನಾ ಸಂಜೆ ಅವನ ಹೆಂಡತಿ ಹಾಜರಜ್ಜಿ ಗಂಜಿ ಕಾಸುತ್ತಿದ್ದಳು. ಹೊರಗೆ ಹೋಗಿ ಕಾರಿನ ಹಾರ್ನು ಒತ್ತುತ್ತಿದ್ದಳು. ಹಳೇ ಹಾರ್ನು. ಮುಂದೆ ಹಿತ್ತಾಳೆಯ ಬಾಯಿ, ಹಿಂದೆ ರಬ್ಬರಿನ ಬುಡ್ಡಿ. ಬುಡ್ಡಿ ಒತ್ತಿದರೆ, ಪೋಂ!

"ಐತಿ" ಅನ್ನುತ್ತಿದ್ದ ಅಜ್ಜ. ಗಟಗಟ ಗಂಜಿ ಕುಡಿಯುತ್ತಿದ್ದ.

ಒಂದು ಸಂಜೆ ಅಜ್ಜಿ ಒತ್ತಿದಳು. ಪುಸ್.

ಬುಡ್ಡಿ ಒಡೆದಿತ್ತು.

"ಕಾರು ಮಾರಿದಿ" ಅಂದ ಅಜ್ಜ.

"ಇಲ್ಲರೀ, ಬಾಗಿಲಾಗ ಐತಿ."

"ಸುಳ್ಳು. ಇದ್ದಿದ್ರ ಕೂಗ್ತಿತ್ತು."

ಅಜ್ಜ ಗೋಡೆ ಕಡೆ ಮುಖ ಮಾಡಿದ. ಗಂಜಿ ಕುಡಿಯಲಿಲ್ಲ. ಮರುದಿನವೂ ಕುಡಿಯಲಿಲ್ಲ.

ಅಜ್ಜಿ ಹಾರ್ನು ಬಿಚ್ಚಿಕೊಂಡಳು. ಸೆರಗಲ್ಲಿ ಸುತ್ತಿಕೊಂಡಳು. ಪಂಚರ್ ಅಂಗಡಿ ಮಲ್ಲೇಶಿ ಹತ್ತಿರ ಹೋದಳು.

"ಮಲ್ಲೇಶಿ, ಮಲ್ಲೇಶಿ, ಬುಡ್ಡಿಗೆ ಪಟ್ಟಿ ಹಚ್ಚೋ.
ಕಾರು ಕೂಗವಲ್ದು.
ಮುದುಕ ಗಂಜಿ ಕುಡೀವಲ್ಲ."

"ಆ ಹಳೇ ಡಬ್ಬಿಗೆ ಇಷ್ಟು ಉಪಚಾರ ಏನು ಬೂಬಮ್ಮ! ಗುಜರಿಯವನಿಗೆ ಕೊಟ್ಟು ಒಂದು ಆಡು ತಗೋ. ಅದಾದ್ರ ತಾನೇ ಕೂಗ್ತತಿ" ಅಂದ ಮಲ್ಲೇಶಿ. "ನನ್ನ ಹತ್ರ ಇರೋದು ಸೈಕಲ್ ಟ್ಯೂಬು, ತೆಳ್ಳಂದು. ಇದಕ್ಕ ಲಾರಿ ಟ್ಯೂಬು ಬೇಕು. ತಾ, ಹಚ್ತೀನಿ."

ಅಜ್ಜಿ ದುರ್ಗವ್ವನ ಹತ್ತಿರ ಹೋದಳು. ದುರ್ಗವ್ವ ಲಾರಿಯ ಹಳೇ ಟಾಯರು, ಟ್ಯೂಬು ಕತ್ತರಿಸಿ ಬಕೀಟು ಮಾಡುತ್ತಾಳೆ.

"ದುರ್ಗವ್ವ, ದುರ್ಗವ್ವ, ಒಂದು ತುಂಡು ಟ್ಯೂಬು ಕೊಡವಾ.
ಬುಡ್ಡಿ ಮುಚ್ಚವಲ್ದು.
ಕಾರು ಕೂಗವಲ್ದು.
ಮುದುಕ ಗಂಜಿ ಕುಡೀವಲ್ಲ."

"ಇಲ್ಲಿ ನೋಡು ನನ್ನ ಕತ್ರಿ" ಅಂದಳು ದುರ್ಗವ್ವ. "ಇದು ಬೆಣ್ಣಿ ಕೂಡ ಕತ್ತರಿಸಂಗಿಲ್ಲ. ಸಾಣೆ ಹಿಡಿಸಿಕೊಂಡು ಬಾ, ಕೊಡ್ತೀನಿ."

ಅಜ್ಜಿ ಕತ್ರಿ ತಗೊಂಡಳು. ಸಾಣೆ ಹಿಡಿಯೋ ಖಾದರನ ಹತ್ತಿರ ಹೋದಳು.

"ಖಾದರ, ಖಾದರ, ಕತ್ರಿಗೆ ಸಾಣೆ ಹಿಡಿಯಪಾ.
ಟ್ಯೂಬು ಸಿಗವಲ್ದು.
ಬುಡ್ಡಿ ಮುಚ್ಚವಲ್ದು.
ಕಾರು ಕೂಗವಲ್ದು.
ಮುದುಕ ಗಂಜಿ ಕುಡೀವಲ್ಲ."

"ಹೆಂಗ ಹಿಡೀಲಿ ಖಾಲಾ?" ಅಂದ ಖಾದರ. "ಸಾಣೆಗಾಲಿಯ ಪಟ್ಟಾ ಹರಿದು ಮೂರು ದಿನ ಆತು. ನಾನೂ ಗಾಲಿನೂ ಕೂಡಿ ನೊಣ ಹೊಡೀಲಿಕ್ಕತ್ತೀವಿ. ತೊಗಲಿನ ಪಟ್ಟಾ ತಾ, ಹಿಡೀತೀನಿ."

ಅಜ್ಜಿ ಚಪ್ಪಲಿ ಹೊಲಿಯೋ ಯಂಕಣ್ಣನ ಹತ್ತಿರ ಹೋದಳು.

"ಯಂಕಣ್ಣ, ಯಂಕಣ್ಣ, ಒಂದು ತೊಗಲಿನ ಪಟ್ಟಾ ಕೊಡೋ.
ಗಾಲಿ ತಿರಗವಲ್ದು.
ಕತ್ರಿ ಹರೀವಲ್ದು.
ಟ್ಯೂಬು ಸಿಗವಲ್ದು.
ಬುಡ್ಡಿ ಮುಚ್ಚವಲ್ದು.
ಕಾರು ಕೂಗವಲ್ದು.
ಮುದುಕ ಗಂಜಿ ಕುಡೀವಲ್ಲ."

"ತೊಗಲೈತಿ, ಆದ್ರ ಒಣಗಿ ಹಪ್ಪಳ ಆಗೇತಿ" ಅಂದ ಯಂಕಣ್ಣ. "ನೆನಸದೆ ಕೊಯ್ದರ ಮುರೀತತಿ. ಒಂದು ತಂಬಿಗಿ ನೀರು ತಾ ಅಜ್ಜಿ, ಕೊಡ್ತೀನಿ."

ನೀರು! ಆ ಊರಲ್ಲಿ ಎಂಟು ದಿನಕ್ಕೊಮ್ಮೆ ನೀರು. ಪಾಳಿ ಬಂದ ಓಣಿಗೆ ಮಾತ್ರ ನೀರು. ಅವತ್ತು ಏಳನೇ ದಿನ. ಅಜ್ಜಿಯ ಕೊಡ ಖಾಲಿ. ಯಂಕಣ್ಣನ ಕೊಡ ಖಾಲಿ. ಓಣಿಯ ಎಲ್ಲರ ಕೊಡವೂ ಖಾಲಿ.

ಅಜ್ಜಿ ನೀರು ಬಿಡೋ ಸಂಕಪ್ಪನ ಹತ್ತಿರ ಹೋದಳು. ನಡೆದು ನಡೆದು ಕಾಲು ಊದಿದ್ದವು.

"ಸಂಕಪ್ಪ, ಸಂಕಪ್ಪ, ಒಂದು ತಂಬಿಗಿ ನೀರು ಬಿಡಪಾ.
ತೊಗಲು ನೆನೀವಲ್ದು.
ಗಾಲಿ ತಿರಗವಲ್ದು.
ಕತ್ರಿ ಹರೀವಲ್ದು.
ಟ್ಯೂಬು ಸಿಗವಲ್ದು.
ಬುಡ್ಡಿ ಮುಚ್ಚವಲ್ದು.
ಕಾರು ಕೂಗವಲ್ದು.
ಮುದುಕ ಗಂಜಿ ಕುಡೀವಲ್ಲ."

"ಪಾಳಿ ನಾಳಿ ಐತಿ" ಅಂದ ಸಂಕಪ್ಪ. "ಪಾಳಿ ಅಂದ್ರ ಪಾಳಿ. ನನ್ನ ಹೆಂಡ್ತಿ ಕೇಳಿದಾಗೂ ಬಿಡಲಿಲ್ಲ. ಅವತ್ತು ನನಗ ಊಟಾನೇ ಹಾಕಲಿಲ್ಲ. ಆದ್ರೂ ಬಿಡಲಿಲ್ಲ."

ಅಜ್ಜಿ ಜಗಳ ಮಾಡಲಿಲ್ಲ. ಅಲ್ಲೇ ಕಲ್ಲಿನ ಮೇಲೆ ಕೂತಳು. ಹಾರ್ನನ್ನು ಮಡಿಲಲ್ಲಿ ಇಟ್ಟುಕೊಂಡಳು.

"ನಾಳಿ ತನಕ ಮುದುಕ ಇರ್ತಾನೋ ಇಲ್ಲೋ" ಅಂದಳು. ಕಣ್ಣೀರು ಹಿತ್ತಾಳೆ ಮೇಲೆ ಬಿತ್ತು. ಟಪ್. ಟಪ್.

ಸಂಕಪ್ಪ ಬಗ್ಗಿ ನೋಡಿದ.

"ಯಾವ ಕಾರಿಂದು ಇದು?"

"ದಾವಲಸಾಬರದು. ಬಿಳೇದು."

"ಒಳಗ ನೀಲಿ ಸೀಟಿತ್ತಲ್ಲ, ಅದಾ?"

"ಹೂಂ, ಅದೇ."

ಸಂಕಪ್ಪ ಹಾರ್ನು ಮುಟ್ಟಿದ. ಆಮೇಲೆ ಮೆಲ್ಲಗೆ ಅಂದ:

"ನಮ್ಮವ್ವನ್ನ ಹೆರಿಗಿಗೆ ಒಯ್ದ ಕಾರು ಅದು. ಹಳ್ಳ ದಾಟೋದರೊಳಗ ನಾ ಹುಟ್ಟಿಬಿಟ್ಟೆ. ಆ ಸೀಟಿನ ಮ್ಯಾಲೇ. ಅವ್ವ ಸಾಯೋ ತನಕ ಹೇಳ್ತಿದ್ಲು. ಅದು ಯಾವಾಗೋ ಗುಜರಿಗೆ ಹೋಗೇತಿ ಅಂದ್ಕೊಂಡಿದ್ದೆ."

"ಇಲ್ಲಪಾ. ಇಟ್ಟಾರ."

"ಇನ್ನೂ?"

"ಇನ್ನೂ."

ಸಂಕಪ್ಪ ಎದ್ದ. ಸಂಕಪ್ಪ ಪಾಳಿ ಮುರಿದ! ಹುಟ್ಟಿದಾಗಿಂದ ಮೊದಲನೇ ಸಲ.

ಸಂಕಪ್ಪ ಚಾವಿ ತಿರುಗಿಸಿದ, ನೀರು ಬಂತು.
ನೀರು ಬಂತು, ತೊಗಲು ನೆನೆಯಿತು.
ತೊಗಲು ನೆನೆಯಿತು, ಯಂಕಣ್ಣ ಪಟ್ಟಾ ಕೊಯ್ದ.
ಪಟ್ಟಾ ಸಿಕ್ಕಿತು, ಖಾದರನ ಗಾಲಿ ತಿರುಗಿತು.
ಗಾಲಿ ತಿರುಗಿತು, ಕತ್ರಿ ಹರಿತಾಯಿತು.
ಕತ್ರಿ ಹರಿತಾಯಿತು, ದುರ್ಗವ್ವ ಟ್ಯೂಬು ಕತ್ತರಿಸಿದಳು.
ಟ್ಯೂಬು ಸಿಕ್ಕಿತು, ಮಲ್ಲೇಶಿ ಪಟ್ಟಿ ಹಚ್ಚಿದ.
ಪಟ್ಟಿ ಹಚ್ಚಿದ, ಬುಡ್ಡಿ ಮುಚ್ಚಿತು.

ಅಜ್ಜಿ ಓಡಿ ಓಡಿ ಮನೆಗೆ ಬಂದಳು. ಹಾರ್ನು ಕಟ್ಟಿದಳು. ಗಂಜಿ ಬಿಸಿ ಮಾಡಿದಳು. ಒತ್ತಿದಳು.

ಪೋ… ಓಂ.

ದನಿ ದಪ್ಪ. ದನಿ ಗೊಗ್ಗರು. ಮೊದಲಿನ ದನಿ ಅಲ್ಲ.

ಒಳಗೆ ಅಜ್ಜ ಕಿವಿಗೊಟ್ಟ.

"ಹಾಜರಾ."

"ರೀ."

"ಅದಕ್ಕೂ ವಯಸ್ಸಾತು."

"ಹೂಂ ರೀ."

"ಆದ್ರ ಐತಿ" ಅಂದ ಅಜ್ಜ. ಗೋಡೆ ಬಿಟ್ಟು ಇತ್ತ ತಿರುಗಿದ. ಗಂಜಿ ಕುಡಿದ. ಬಟ್ಟಲಿನ ತಳ ಕಂಡಿತು.

ಎಂಟು ಸಂಜೆ ಕಾರು ಕೂಗಿತು. ಎಂಟು ಸಂಜೆ ಅಜ್ಜ "ಐತಿ" ಅಂದ. ಎಂಟು ಸಂಜೆ ಗಂಜಿ ಕುಡಿದ.

ಒಂಬತ್ತನೇ ಸಂಜೆಯೂ ಕಾರು ಕೂಗಿತು. ಅಜ್ಜ ಏನೂ ಅನ್ನಲಿಲ್ಲ.

ಅಜ್ಜಿ ಇನ್ನೊಮ್ಮೆ ಒತ್ತಿದಳು. ಅಜ್ಜ ಏನೂ ಅನ್ನಲಿಲ್ಲ.

ಗಂಜಿ ತಣ್ಣಗಾಗುವ ತನಕ ಅಜ್ಜಿ ಅವನ ಕೈ ಹಿಡಿದು ಕೂತಳು.

ಕಾರು ಈಗಲೂ ಅಲ್ಲೇ ಐತಿ. ಅಜ್ಜಿ ಒರೆಸುತ್ತಾಳೆ. ದೂರದೂರಿಂದ ಜನ ಬರುತ್ತಾರೆ. ಸುತ್ತ ತಿರುಗುತ್ತಾರೆ. "ಇಂಥದ್ದು ಎಲ್ಲೂ ಇಲ್ಲ ಅಜ್ಜಿ, ನಮಗ ಕೊಡು" ಅನ್ನುತ್ತಾರೆ. ಅಜ್ಜಿ ತಲೆ ಅಲ್ಲಾಡಿಸುತ್ತಾಳೆ. ಮತ್ತೆ ಒರೆಸುತ್ತಾಳೆ.

ಕಥೆ ಕೇಳಿದವರೆಲ್ಲ ಒಂದ್ಸಲ ಆ ಓಣಿಗೆ ಹೋಗಿ ಬರ್ರಿ. ಹಾರ್ನು ಒತ್ತಿದರೆ ಅಜ್ಜಿ ಬೈಯುವುದಿಲ್ಲ. ಆದರೆ ಮೆಲ್ಲಗೆ ಒತ್ತಬೇಕು, ಹೂಂ? ಪಟ್ಟಿ ಹಚ್ಚಿದ ಬುಡ್ಡಿ ಅದು.