ಒಲೆ ಹೂಡಿದ ಜಾಗ

"ಹದಿನಾಲ್ಕು ಬೇಸಿಗೆ ಶಿಬಿರ ನಡೆಸಿದ್ದೇನೆ. ಶಿಬಿರದ ಇತಿಹಾಸದಲ್ಲಿ ನನಗೆ ಒಂದು ಸಾಲೂ ಇಲ್ಲ ಅಂದಮೇಲೆ ನಾನು ಇಷ್ಟು ದಿನ ಮಾಡಿದ್ದು ಏನು, ಗುರುಗಳೇ?"

ಕೇಳಿದವಳು ನಾಗವೇಣಿ, ಗೈಡ್ ಹುಡುಗಿಯರ ದಳದ ನಾಯಕಿ. ಸ್ಕೌಟ್ ಶಿಬಿರಕ್ಕೆ ಐವತ್ತು ವರ್ಷ ತುಂಬಿತೆಂದು ಅಚ್ಚು ಹಾಕಿಸಿದ ಪುಸ್ತಕ ಅವಳ ಕೈಯಲ್ಲಿತ್ತು. ಅದರೊಳಗೆ ರಾಜೀನಾಮೆಯ ಕಾಗದವೂ ಇತ್ತು. ಮುಂದಿನ ಸೋಮವಾರ ಬೇಸಿಗೆ ಶಿಬಿರ ಶುರುವಾಗಬೇಕು. ಅವಳು ಬಿಟ್ಟರೆ ಈ ವರ್ಷ ಹುಡುಗಿಯರ ದಳ ಹೊರಡುವಂತಿರಲಿಲ್ಲ.

ಓಬಳಯ್ಯ ಮೇಷ್ಟ್ರು ಅವಳಿಗೆ ಹಗ್ಗದ ಗಂಟು ಹಾಕುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದವರು. ಎಂಬತ್ತು ದಾಟಿದರೂ ಮಾತು ಮೊಂಡಾಗಿರಲಿಲ್ಲ. "ನಿನ್ನ ಹೆಸರು ಬಿಟ್ಟದ್ದು ತಪ್ಪು. ಬರೆದವನ ಕಿವಿ ಹಿಂಡುತ್ತೇನೆ, ಅದು ನನ್ನ ಕೆಲಸ. ನೀನು ಕೇಳಿದ್ದಕ್ಕೆ ಒಂದು ಕತೆ ಹೇಳುತ್ತೇನೆ. ಮಧ್ಯೆ ಬಾಯಿ ಹಾಕಬೇಡ," ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಸ್ಕೌಟ್ ಮಾಸ್ತರ. ಅವನ ಬಳಿ ಮಕ್ಕಳಿದ್ದರು, ಡೇರೆಗಳಿದ್ದವು, ಡೇರೆ ಹೊಡೆಯಲು ಜಾಗ ಮಾತ್ರ ಇರಲಿಲ್ಲ. ಊರಾಚೆ ಹಳ್ಳದ ದಂಡೆಗೆ ಒಬ್ಬ ರೈತನ ಹುಲ್ಲುಗಾವಲು ಇತ್ತು. ಮಾಸ್ತರ ಹೋಗಿ, ಬೇಸಿಗೆ ರಜೆಯಲ್ಲಿ ಹತ್ತು ದಿನದ ಮಟ್ಟಿಗೆ ಕೊಡಿ ಎಂದು ಕೇಳಿದ.

ರೈತ ತಲೆ ಅಲ್ಲಾಡಿಸಿದ. "ಹಿಂದೆ ಯಾರೋ ಹೀಗೇ ಬಂದಿದ್ದರು ಸ್ವಾಮಿ. ಉಂಡರು, ಕುಣಿದರು, ಹೋದರು. ಅವರು ಒಲೆ ಉರಿಸಿದ ಕಡೆ ಮೂರು ವರ್ಷ ಹುಲ್ಲು ಹುಟ್ಟಲಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ."

ಮಾಸ್ತರನಿಗೆ ರೋಷ ಬಂತು. "ಕೊನೆಯ ದಿನ ನೀವೇ ಬನ್ನಿ. ಒಲೆ ಹೂಡಿದ್ದು ಎಲ್ಲಿ ಅಂತ ಹುಡುಕಿ. ಸಿಕ್ಕಿದರೆ ಮತ್ತೆಂದೂ ನಿಮ್ಮ ಹುಲ್ಲುಗಾವಲು ತುಳಿಯುವುದಿಲ್ಲ," ಎಂದ. ರೈತ ನಕ್ಕು ಒಪ್ಪಿದ.

ಒಲೆ ಹೂಡುವ ಮುಂಚೆ ಮಕ್ಕಳು ಹುಲ್ಲನ್ನು ಬೇರುಮಣ್ಣಿನ ಸಮೇತ ಚೌಕ ಚೌಕವಾಗಿ ಎಬ್ಬಿಸಿ ನೆರಳಿಗಿಟ್ಟರು. ಹತ್ತು ದಿನವೂ ಅದಕ್ಕೆ ನೀರು ಚಿಮುಕಿಸಿದರು. ಹೊರಡುವ ದಿನ ಬೂದಿ ಬಾಚಿ, ಚೌಕಗಳನ್ನು ಇದ್ದ ಹಾಗೆಯೇ ಕೂರಿಸಿ, ಕೈಯಲ್ಲಿ ಒತ್ತಿದರು. ಆಮೇಲೆ ಹೆಗಲಿಗೆ ಹೆಗಲು ತಾಗಿಸಿ ಸಾಲಾಗಿ ನಡೆಯುತ್ತ ಕಸಕಡ್ಡಿ ಹೆಕ್ಕಿದರು. ರೈತ ಬಂದ. ಚಪ್ಪಲಿ ಕಳಚಿ ಬರಿಗಾಲಲ್ಲಿ ಹುಲ್ಲುಗಾವಲೆಲ್ಲ ತಿರುಗಿದ. ಒಲೆ ಸಿಗಲಿಲ್ಲ. "ಮುಂದಿನ ವರ್ಷ ಬನ್ನಿ," ಎಂದ.

ಹೀಗೆ ವರ್ಷ ವರ್ಷವೂ ನಡೆಯಿತು. ರೈತನೇನು ಕಮ್ಮಿ ಆಸಾಮಿಯೇ? ಒಂದು ಸಲ ನಾಯಿಯನ್ನು ಕರೆತಂದು ಮೂಸಿಸಿದ. ಇನ್ನೊಂದು ಸಲ ದೊಣ್ಣೆಯಿಂದ ನೆಲ ಕುಟ್ಟಿ ಕುಟ್ಟಿ ಕಿವಿಗೊಟ್ಟ. ಅವನು ತಲೆ ಕೆರೆದುಕೊಂಡು ನಿಂತರೆ ಮಕ್ಕಳಿಗೆ ಹಬ್ಬ. ಸೋತ ರೈತ ಎಲ್ಲರಿಗೂ ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದ.

ಇಪ್ಪತ್ತೈದನೆಯ ಬೇಸಿಗೆ ಬಂತು. ಹೆಸರಿನ ಆಸೆ ಅನ್ನುವುದು ತುರಿಕೆ ಇದ್ದ ಹಾಗೆ, ಕೆರೆಯುವಾಗ ಸುಖ, ಆಮೇಲೆ ಉರಿ. ಹಳೆಯ ಶಿಷ್ಯರು ಒಂದು ಕಲ್ಲು ಕೆತ್ತಿಸಿ ತಂದರು. ಮುಂದಿನವರಿಗೆ ನಮ್ಮ ಇತಿಹಾಸ ಗೊತ್ತಾಗಬೇಡವೇ ಎಂದರು. ಮಾಸ್ತರ ಬೇಡ ಅನ್ನಲಿಲ್ಲ. ಬೇಕು ಅಂತಲೂ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲಿ ನೆಡಬೇಕೆಂದು ಮಾತ್ರ ಬೆರಳು ತೋರಿಸಿದ.

ಕೊನೆಯ ದಿನ ರೈತ ಎಂದಿನಂತೆ ಬಂದು ಚಪ್ಪಲಿ ಕಳಚಿದ. ಕಲ್ಲು ಕಂಡಿತು. "ಇದರಲ್ಲಿ ಏನು ಬರೆದಿದೆ? ನನಗೆ ಓದು ಬಾರದು," ಎಂದ.

ಮಕ್ಕಳಿಗೂ ಕೇಳಲಿ ಎಂದು ಮಾಸ್ತರ ದನಿ ಏರಿಸಿ ಓದಿದ. "ಇಪ್ಪತ್ತೈದನೆಯ ಶಿಬಿರದ ಬೆಂಕಿ ಉರಿದದ್ದು ಈ ಜಾಗದಲ್ಲಿ..." ಕೆಳಗಿನ ಸಾಲಿನಲ್ಲಿ ಅವನ ಹೆಸರಿತ್ತು. ಅದನ್ನು ಓದದೆ ಅವನು ಅಲ್ಲಿಗೇ ನಿಲ್ಲಿಸಿದ.

ರೈತ ಚಪ್ಪಲಿಯನ್ನು ಮತ್ತೆ ಮೆಟ್ಟಿದ. "ಒಲೆ ಸಿಕ್ಕಿತಲ್ಲ, ಮೇಷ್ಟ್ರೇ."

"ಕಲ್ಲನ್ನು ಈಗಲೇ ಕಿತ್ತುಹಾಕುತ್ತೇವೆ," ಎಂದ ಮಾಸ್ತರ.

"ಕೀಳಿ. ಆದರೆ ಮಾತು ಕೊಟ್ಟವರು ನೀವು. ಈ ವರ್ಷ ಕಲ್ಲು, ಬರುವ ವರ್ಷ ಅದಕ್ಕೊಂದು ಕಟ್ಟೆ, ಆಮೇಲೆ ಕಟ್ಟೆಗೊಂದು ಬೇಲಿ. ನನ್ನ ದನ ಎಲ್ಲಿ ಮೇಯಬೇಕು?" ಎಂದು ರೈತ ಕೇಳಿದ. "ಇಷ್ಟು ವರ್ಷವೂ ಸಿಗದಿರಲಿ ಅಂತಲೇ ಹುಡುಕುತ್ತಿದ್ದೆ," ಎಂದ. ಅವನಿಗೂ ಸಂಕಟವಾಗಿತ್ತು. ಆ ವರ್ಷವೂ ಮಜ್ಜಿಗೆ ಕೊಟ್ಟ. ಮಕ್ಕಳು ಕುಡಿದರು. ಮಾಸ್ತರ ಲೋಟ ಮುಟ್ಟಲಿಲ್ಲ.

ಮುಂದೆ ಎರಡು ಬೇಸಿಗೆ ಶಿಬಿರವೇ ನಡೆಯಲಿಲ್ಲ. ಆಮೇಲೆ ಬಹಳ ವರ್ಷ ಆ ದಳದ ಮಕ್ಕಳು ಡೇರೆ ಹೊತ್ತುಕೊಂಡು ಊರಿಂದೂರಿಗೆ ಅಲೆದರು.

ಕತೆ ಅಲ್ಲಿಗೆ ನಿಂತಿತು. ಮೇಷ್ಟ್ರು ಪುಸ್ತಕದ ಒಂದು ಪುಟ ತೆರೆದು ನಾಗವೇಣಿಯ ಮುಂದೆ ಹಿಡಿದರು. ಕಲ್ಲು ಕೀಳುವ ಮುಂಚೆ ಯಾರೋ ತೆಗೆದ ಫೋಟೊವನ್ನು ಇಡೀ ಪುಟಕ್ಕೆ ಹಾಕಿದ್ದರು. ಕಲ್ಲಿನ ಕೆಳಸಾಲಿನಲ್ಲಿ ಓಬಳಯ್ಯ ಎಂದಿತ್ತು. ಅವಳು ಮೇಷ್ಟ್ರ ಮುಖ ನೋಡಿದಳು. ಅವರು ಕಣ್ಣು ತಪ್ಪಿಸಲಿಲ್ಲ.

"ನೀನು ಹದಿನಾಲ್ಕು ವರ್ಷ ಒಂದೇ ಬಯಲಿನಲ್ಲಿ ಡೇರೆ ಹೊಡೆದಿದ್ದೀಯ. ಜಾಗದವರು ಏನನ್ನುತ್ತಾರೆ?"

"ನಾನು ಕೇಳುವ ಮುಂಚೆಯೇ, ಈ ವರ್ಷ ಯಾವಾಗ ಬರುತ್ತೀರಿ ಅನ್ನುತ್ತಾರೆ."

"ಹಾಗಾದರೆ, ನಿನ್ನ ಒಲೆ ಯಾರಿಗೂ ಸಿಗಲಿಲ್ಲ ಅಂತಲೇನೇ ನಿನ್ನ ದೂರು?"