ಸುಳ್ಳಿಲ್ಲದ ಬಸ್ಸು

ಡಿಪೋದ ಮೆಕ್ಯಾನಿಕ್ ಅಲ್ಲಿನ ಮುದಿ ಬಸ್ಸೊಂದನ್ನು ಇದ್ದದ್ದು ಇದ್ದ ಹಾಗೇ ಮೊಬೈಲಿನ ಬಸ್ ಆಟಕ್ಕೆ ಸೇರಿಸಿಬಿಟ್ಟಿದ್ದ. ಊರೂರಿನ ಹುಡುಗರು ಅದನ್ನೇ ಓಡಿಸುತ್ತಿದ್ದರು. ಮ್ಯಾನೇಜರ್ ಗುರುಸಿದ್ದಪ್ಪ ಕೆಂಡವಾದರು.

“ಬಾಗಿಲಿಗೆ ಹಗ್ಗ ಕಟ್ಟಿರೋದನ್ನೂ ತೋರಿಸಿ ನಮ್ಮ ಮಾನ ಕಳೀತೀಯೇನೋ? ಈಗಲೇ ಅಳಿಸು!”

ರಜೆಯನ್ನೆಲ್ಲ ಸುರಿದು ಆಟದೊಳಗೆ ಕಟ್ಟಿದ್ದ ಬಸ್ಸು ಅದು. ಮೆಕ್ಯಾನಿಕ್ ಕೈಮುಗಿದ. “ಓಡಿಸಿ ನೋಡಿ ಸಾರ್. ಒಂದೇ ಒಂದು ಸುಳ್ಳು ಸಿಕ್ಕರೂ ಅಳಿಸ್ತೀನಿ.”

ಗುರುಸಿದ್ದಪ್ಪ ಮೊಬೈಲ್ ಕಸಿದುಕೊಂಡರು. ಗೇರ್ ನರಳಿತು. ಕಿಟಕಿ ಗಡಗಡ ಅಂದಿತು. ಎಲ್ಲವೂ ನಿಜವೇ! ಸುಳ್ಳು ಹುಡುಕುತ್ತಾ ಹುಡುಕುತ್ತಾ ಸಾಹೇಬರು ಘಾಟಿಯನ್ನೇ ಹತ್ತಿ ಇಳಿದರು. ಊಟದ ಹೊತ್ತೂ ಮೀರಿತು.

“ಇರಲಿ ಬಿಡೋ,” ಅಂದರು ಕೊನೆಗೆ. “ಆಟದ ಡಿಪೋ ಗೇಟಿನಲ್ಲಿ ನನ್ನನ್ನೂ ನಿಲ್ಲಿಸು. ತಲೆತುಂಬ ಕೂದಲಿರಲಿ.”

ಸಾಹೇಬರ ಬೋಳುತಲೆ ನೋಡಿ ಮೆಕ್ಯಾನಿಕ್ ಎದೆಯುಬ್ಬಿಸಿ ಹೇಳಿದ: “ಕ್ಷಮಿಸಿ ಸಾರ್, ಇಲ್ಲದ್ದನ್ನ ನಾವು ಹಾಕಲ್ಲ.”