ನೆರೆಯೋ, ಕಡಲೋ?

ಹೊಳೆ ಕಡಲು ಸೇರುವ ಅಳಿವೆಬಾಗಿಲಲ್ಲಿ ಜನರನ್ನು ದೋಣಿಯಲ್ಲಿ ದಾಟಿಸುವ ಬೇಬಿಯಕ್ಕನ ಮನೆಗೆ ನೀರು ನುಗ್ಗಿ ಗೋಡೆ ಬಿತ್ತು. ವಿಮಾ ಕಂಪನಿಯ ಸಾಹೇಬ ಬಂದ, ಮೂಗು ಮುಚ್ಚಿಕೊಂಡೇ ನೋಡಿದ.

“ನಿಮ್ಮ ವಿಮೆ ಹೊಳೆ ಉಕ್ಕಿ ಬರುವ ನೆರೆಗೆ ಮಾತ್ರ. ಇದು ಕಡಲ ನೀರು. ಅನ್ವಯಿಸೋದಿಲ್ಲ.”

“ಎರಡೂ ಕೂಡೋ ಜಾಗದಲ್ಲಿ ಬೇರೆ ಮಾಡೋದು ಹೇಗೆ ಸಾರ್?”

“ಅದೆಲ್ಲ ನಿಮಗೆ ಅರ್ಥ ಆಗೋದಿಲ್ಲ.”

ಎಲ್ಲ ಅರ್ಥವಾದ ಈ ಮಹಾಶಯ ಉಬ್ಬರದ ಹೊತ್ತಿಗೆ ಕಾರನ್ನು ಮರಳದಂಡೆಯಲ್ಲಿ ನಿಲ್ಲಿಸಿದ್ದ. ಹೊರಡುವಷ್ಟರಲ್ಲಿ ಸುತ್ತಲೂ ನೀರು. ಬಾನೆಟ್ ಹತ್ತಿ ನಿಂತು ಬೊಬ್ಬೆ ಹೊಡೆದ: “ದೋಣಿ ತನ್ನಿ!”

ಬೇಬಿಯಕ್ಕ ತಂದಳು, ಮಾರು ದೂರದಲ್ಲೇ ನಿಲ್ಲಿಸಿದಳು. “ಇದು ನೆರೆಯೋ ಕಡಲೋ ಸಾರ್? ಕಡಲಾದರೆ ನನ್ನ ದೋಣಿ ಅನ್ವಯಿಸೋದಿಲ್ಲ.”

ಸಾಹೇಬನ ಬೂಟು ಮುಳುಗಿತು. “ನೆರೆ! ನೆರೆ ಮಾರಾಯ್ತಿ!”

ದಡದಲ್ಲಿದ್ದ ನೆರೆಕರೆಯವರೆಲ್ಲ ಕೇಳಿಸಿಕೊಂಡರು.

“ಹತ್ತಿ ಸಾರ್,” ಅಂದಳು ಬೇಬಿಯಕ್ಕ. “ನಮ್ಮನೆಗೂ ಇದೇ ಬಂದದ್ದು.”